ಕಂದು ಆದ್ರ ಹೊರಗ ಹಾಕ್ರಿ

ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥವರ ಭಾಷಣ ಮುಗಿದ ಕೂಡಲೇ ಎದ್ದು ನಿಂತು ಒಂದು ಅಡ್ಡ ಪ್ರಶ್ನೆ ಹಾಕಿ, ಅವರು ಕರವಸ್ತ್ರ ಹುಡುಕುವುದನ್ನು ನೋಡುವುದು ಕಾಲೇಜು ದಿನಗಳಲ್ಲಿ ನನ್ನ ಹವ್ಯಾಸವಾಗಿತ್ತು. ಅಂಥ ನನ್ನನ್ನೇ ಒಂದು ಶನಿವಾರ ಕಮಲಾಪುರದ ಪದವಿ ಕಾಲೇಜಿನವರು ಉಪದೇಶಕ್ಕೆ ಕರೆದರು. ಜೀವಕೋಶಗಳ ಬಗ್ಗೆ ಓದುವ ಮಕ್ಕಳಿಗೆ ಮುಂದಿನ ದಾರಿ ಯಾವುದು, ಸಂಶೋಧನೆಯಲ್ಲಿ ಹೊಸ ಸುದ್ದಿ ಏನು, ಒಂದು ತಾಸು ಮಾತಾಡಬೇಕು. ನಾನು ಆಗ ಕಲಬುರಗಿಯಲ್ಲಿ ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿದ್ದೆ. ನನ್ನ ಮುಂದಿನ ದಾರಿಯೇ ನನಗೆ ಕಾಣುತ್ತಿರಲಿಲ್ಲ. ಆದರೂ ಒಪ್ಪಿದೆ. ಮೈಕು ಕೊಟ್ಟಾಗ ಬೇಡ ಅಂದ ಇತಿಹಾಸ ನನಗಿಲ್ಲ.

ಆರನೆಯ ತರಗತಿಯಿಂದ ಎಂ.ಎಸ್ಸಿ.ಯವರೆಗೆ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ಗೆದ್ದು ತಂದ ಕಪ್ಪುಗಳು ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಇನ್ನೂ ಇವೆ. ಒಂದರಲ್ಲಿ ಅವ್ವ ಸೇಫ್ಟಿ ಪಿನ್ನು ಹಾಕಿದ್ದಾಳೆ, ಇನ್ನೊಂದರಲ್ಲಿ ಯಾವ ಬೀಗಕ್ಕೂ ಹೊಂದದ ಕೀಲಿಕೈಗಳಿವೆ. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದ ಮೇಲೆಯೇ ನೀವು ಪರವೋ ವಿರೋಧವೋ ಗೊತ್ತಾಗುವುದು. ಎತ್ತಿದ ಐದು ನಿಮಿಷಕ್ಕೆ ಆ ಪಕ್ಷವೇ ಸತ್ಯ ಎಂದು ನೀವು ನಂಬಿರಬೇಕು. ನಾನು ಎರಡು ನಿಮಿಷದಲ್ಲಿ ನಂಬುತ್ತಿದ್ದೆ.

ಕಮಲಾಪುರದವರು ನನ್ನನ್ನು ಕರೆದದ್ದಕ್ಕೆ ಒಂದು ಕಾರಣವಿತ್ತು. ನನ್ನ ಮೊದಲ ಪೇಪರ್ ಒಂದು ವಿಜ್ಞಾನ ಪತ್ರಿಕೆಯಲ್ಲಿ ಸ್ವೀಕಾರವಾಗಿತ್ತು, ಅದೂ ಅವರ ಊರಿನ ಕೆಂಪು ಬಾಳೆಯ ಮೇಲೆ. ಪ್ರೂಫ್ ಬಂದಿತ್ತು. ಸೋಮವಾರ ಸಂಜೆಯೊಳಗೆ ನಾನು ಸರಿ ಇದೆ ಎಂದು ಒಂದು ಗುಂಡಿ ಒತ್ತಿದರೆ ಅದು ಅಚ್ಚಿಗೆ ಹೋಗುತ್ತಿತ್ತು. ಮುಂದಿನ ತಿಂಗಳು ಪರಿಶೀಲನಾ ಸಮಿತಿ ಕೂಡುವುದಿತ್ತು. ಮೂರು ವರ್ಷದಲ್ಲಿ ಅವರ ಮುಂದೆ ಇಡಲು ನನ್ನ ಹತ್ತಿರ ಇದ್ದದ್ದು ಆ ಪೇಪರ್ ಒಂದೇ. ಅದಿಲ್ಲದಿದ್ದರೆ ನನ್ನ ಫೆಲೋಶಿಪ್ ಮುಂದುವರಿಯುವುದು ಅನುಮಾನವಿತ್ತು.

ಪೇಪರಿನ ವಿಷಯ ಅಡುಗೆ ಮನೆಯ ವಿಷಯವೇ. ಬದನೆಕಾಯಿ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಬಣ್ಣ ಕೆಡುತ್ತದಲ್ಲ, ಅದೇ. ಸಸ್ಯದ ಜೀವಕೋಶದೊಳಗೆ ಕೆಲವು ವಸ್ತುಗಳು ಒಂದು ಕೋಣೆಯಲ್ಲಿ, ಅವನ್ನು ಕೆಡಿಸುವ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಚಾಕು ತಾಗಿ ಗೋಡೆ ಒಡೆದಾಗ ಎರಡೂ ಭೇಟಿಯಾಗುತ್ತವೆ, ಕಂದು ಬಣ್ಣ ಹುಟ್ಟುತ್ತದೆ. ಅವ್ವ ಬದನೆಕಾಯಿಯನ್ನು ಉಪ್ಪುನೀರಿಗೆ ಹಾಕಿ ಸಮಸ್ಯೆ ಮುಗಿಸುತ್ತಾಳೆ. ನಾವು ಬಾಳೆಯ ಎಳೆಯ ಕುಡಿಯನ್ನು ಕತ್ತರಿಸಿ, ಬಾಟಲಿಯಲ್ಲಿ ಪೌಷ್ಟಿಕ ಪಾಕ ಹಾಕಿ, ಅದರ ಮೇಲೆ ಕೂರಿಸಿ, ಒಂದು ಕುಡಿಯಿಂದ ಹತ್ತು ಸಸಿ ಬರಲಿ ಎಂದು ಕಾಯುವವರು. ಕುಡಿ ಕಂದು ತಿರುಗಿದರೆ ಕೋಶಗಳು ಸತ್ತವು, ಕಥೆ ಮುಗಿಯಿತು. ಕಮಲಾಪುರದ ಕೆಂಪು ಬಾಳೆಗೆ ಈ ಚಾಳಿ ಹೆಚ್ಚು.

ನನ್ನ ಗೈಡ್ ಮೇಡಂ ಹದಿನೈದು ವರ್ಷದಿಂದ ಒಂದು ಪಾಕ ಮಾಡುತ್ತಿದ್ದರು. ನಾನು ಬಂದ ಮೊದಲ ವರ್ಷವೇ ಅದರಲ್ಲಿ ತಪ್ಪು ಹುಡುಕಿ, ನನ್ನದೇ ಒಂದು ಪಾಕ ಕಲಸಿದೆ. ಮೇಡಂ ಪಾಕದ ಬಾಟಲಿಗೆ ನೀಲಿ ಚುಕ್ಕೆ, ನನ್ನದಕ್ಕೆ ಕೆಂಪು ಚುಕ್ಕೆ. ಪೇಪರಿನ ಸಾರ ಇಷ್ಟೇ: ನೀಲಿ ಚುಕ್ಕೆಯ ಕೋಶಗಳು ಕಂದಾಗಿ ಸಾಯುತ್ತವೆ, ಕೆಂಪು ಚುಕ್ಕೆಯವು ಹಸಿರಾಗಿ ಉಳಿಯುತ್ತವೆ. ಎಂದರೆ, ಗೈಡ್ ಸೋತರು, ನಾನು ಗೆದ್ದೆ. ಕರಡು ತೋರಿಸಿದ ದಿನ ಮೇಡಂ ಕನ್ನಡಕ ಏರಿಸಿ ನನ್ನನ್ನು ನೋಡಿದ್ದರು.

"ಏನವಾ, ನನ್ನ ಪಾಕ ಸೋತಿತೇನು?"

"ರಿಜಿಸ್ಟರ್ ಹಂಗ ಹೇಳ್ತದರಿ ಮೇಡಂ."

"ರಿಜಿಸ್ಟರ್ ಹೇಳಿದ್ರ ಆತು ಬಿಡು. ಹದಿನೈದು ವರ್ಷ ಕಲಸಿ ಕಲಸಿ ಕೈ ಸವದದ. ಸೋತ್ರ ಸೋಲಲಿ, ಬರಿ."

ಆ ರಿಜಿಸ್ಟರ್ ಬರೆದವರು ಕಾಕಾ. ಕಾಕಾ ಎಂದರೆ ನಮ್ಮ ಲ್ಯಾಬಿನ ಅಟೆಂಡರ್. ಕಮಲಾಪುರದವರು, ದಿನಾಲು ಬಸ್ಸಿಗೆ ಬಂದು ಹೋಗುವವರು, ಅಣ್ಣನ ಬಾಳೆ ತೋಟದಲ್ಲಿ ಬೆಳೆದವರು. ನನಗೆ ವಕೀಲ್ ಮೇಡಂ ಎಂದು ಹೆಸರಿಟ್ಟವರೂ ಅವರೇ. ಹಿಂದಿನ ಬೇಸಿಗೆಯಲ್ಲಿ ನಾನು ಹೊಸ ಸೂಕ್ಷ್ಮದರ್ಶಕದ ತರಬೇತಿಗೆಂದು ಒಂದು ತಿಂಗಳು ಹೈದರಾಬಾದಿಗೆ ಹೋದೆ. ಹೋಗುವಾಗ ಬಾಟಲಿಗಳನ್ನು ಅವರ ಕೈಗೆ ಒಪ್ಪಿಸಿದೆ. ದಿನಾ ನೋಡಿ, ನಂಬರಿನ ಮುಂದೆ ಒಂದು ಶಬ್ದ ಬರೆಯಬೇಕು. "ಹಂಗೇ ಇದ್ರ ಹಸಿರು ಅಂತ ಬರೀರಿ. ಕಂದು ಆದ್ರ ಕಂದು ಅಂತ ಬರದು ಹೊರಗ ಹಾಕ್ರಿ. ಬ್ಯಾರೆ ಏನರ ಆದ್ರ ನಿಮಗ ಕಂಡದ್ದು ಬರೀರಿ," ಎಂದಿದ್ದೆ.

"ಕಂದು ಆದ್ರ ಹೊರಗ ಹಾಕೋದು ಹೇಳಿಕೊಡಬೇಕೇನ್ರಿ? ಸಣ್ಣಂವ ಇದ್ದಾಗಿಂದ ಅದೇ ಮಾಡೀನಿ," ಎಂದಿದ್ದರು ಕಾಕಾ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೆಲಸ ಗೊತ್ತು ಅನ್ನುವವರನ್ನು ನಾನು ಅಡ್ಡ ಪ್ರಶ್ನೆಗೆ ಒಳಪಡಿಸುವುದಿಲ್ಲ, ಸಮಯ ಹಾಳು.

ತಿಂಗಳಾದ ಮೇಲೆ ಬಂದು ನೋಡಿದರೆ ಕಪಾಟಿನಲ್ಲಿ ಉಳಿದದ್ದು ಬಹುಪಾಲು ಕೆಂಪು ಚುಕ್ಕೆಯ ಹಸಿರು ಬಾಟಲಿಗಳು. ರಿಜಿಸ್ಟರಿನಲ್ಲಿ ನೀಲಿ ಚುಕ್ಕೆಯ ನಂಬರುಗಳ ಮುಂದೆ ಸಾಲು ಸಾಲಾಗಿ "ಕಂದು". ಅಲ್ಲಲ್ಲಿ "ಸುಟ್ಟದ" ಎಂದೂ ಇತ್ತು, ಅದು ಮಾತ್ರ ಕೆಂಪು ಚುಕ್ಕೆಯವಕ್ಕೇ ಹೆಚ್ಚು. ಬೇಸಿಗೆಯಲ್ಲಿ ಕರೆಂಟು ಹೋಗಿ ಎ.ಸಿ. ನಿಂತಾಗ ಬಿಸಿಗೆ ಕೆಟ್ಟಿರಬೇಕು ಎಂದುಕೊಂಡು ಅವನ್ನು ಲೆಕ್ಕದಿಂದ ತೆಗೆದೆ. ಪತ್ರಿಕೆಯ ಪರಿಶೀಲಕರೊಬ್ಬರು ಇದನ್ನೇ ಹಿಡಿದು ಕೇಳಿದ್ದರು, ಇಷ್ಟು ಬಾಟಲಿ ಯಾಕೆ ಬಿಟ್ಟಿರಿ ಅಂತ. ನಾನು ಒಂದೂವರೆ ಪುಟ ಉತ್ತರ ಬರೆದೆ. ಕಲಬುರಗಿಯ ಬಿಸಿಲನ್ನು ಸಾಕ್ಷಿಗೆ ಕರೆದರೆ ಯಾವ ಊರಿನ ಪರಿಶೀಲಕ ತಾನೇ ಅಡ್ಡ ಪ್ರಶ್ನೆ ಕೇಳುತ್ತಾನೆ? ಸುಮ್ಮನಾದರು.

ಆ ಶನಿವಾರ ನನ್ನನ್ನು ಕರೆದೊಯ್ಯಲೆಂದೇ ಕಾಕಾ ಮೊದಲ ಬಸ್ಸಿಗೆ ಕಲಬುರಗಿಗೆ ಬಂದಿದ್ದರು, ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಕಿಟಕಿಯ ಸೀಟು ಅವರು ನನಗೆ ಬಿಟ್ಟುಕೊಟ್ಟರು.

"ವಕೀಲ್ ಮೇಡಂ, ನಮ್ಮ ಹುಡುಗ್ರಿಗೆ ಭಾಳ ಹೆದರಿಸಬ್ಯಾಡ್ರಿ. ಗರೀಬ್ ಮಕ್ಕಳು, ಮೂಗುತೂರಿಸಿ ಮಾತಾಡೋ ಚಟ ಇಲ್ಲ."

"ಅದೇ ಚಟ ಹಚ್ಚಾಕ ಹೊಂಟೀನಿ ಕಾಕಾ."

"ಹಚ್ಚ್ರಿ ಹಚ್ಚ್ರಿ. ಮುಗಿದ ಮ್ಯಾಲೆ ತ್ವಾಟಕ್ಕ ಬರ್ರಿ, ಅಣ್ಣ ಕರದಾನ. ನಿಮಗ ಒಂದು ತೋರಸೋದದ."

ಕಾಲೇಜಿನ ಸಭಾಂಗಣದಲ್ಲಿ ಫ್ಯಾನುಗಳು ನನಗಿಂತ ಜೋರಾಗಿ ಮಾತಾಡುತ್ತಿದ್ದವು. ನಾನು ಧ್ವನಿ ಏರಿಸಿದೆ. ಮೊದಲು ಸುದ್ದಿ ಹೇಳಿದೆ. ಪ್ರೊಟೀನು ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂದು ತಿಳಿಯಲು ಹಿಂದಿನವರು ಅರ್ಧ ಆಯುಷ್ಯ ಕಳೆಯುತ್ತಿದ್ದರು, ಈಗ ಕಂಪ್ಯೂಟರು ಒಂದು ಚಹಾ ಮುಗಿಯುವುದರೊಳಗೆ ಊಹೆ ಹೇಳುತ್ತದೆ. ಊಹೆ ಎಂಬ ಶಬ್ದಕ್ಕೆ ಕೆಳಗೆ ಗೆರೆ ಹಾಕಿಕೊಳ್ಳಿ ಅಂದೆ. ಕೋಶದೊಳಗಿನ ಎಲ್ಲ ಕೋಣೆಗೂ ಗೋಡೆ ಇರುತ್ತದೆ ಎಂದು ನಿಮ್ಮ ಪಠ್ಯಪುಸ್ತಕ ಹೇಳುತ್ತದೆ. ಆದರೆ ಸಾರಿನ ಮೇಲೆ ಎಣ್ಣೆ ಹನಿಗೂಡಿದ ಹಾಗೆ, ಗೋಡೆಯೇ ಇಲ್ಲದೆ ಗುಂಪುಗೂಡುವ ಹನಿಗಳೂ ಇವೆ. ಅವು ಏನು ಮಾಡುತ್ತವೆ ಎಂದು ಹಿರಿಯರು ಇನ್ನೂ ಜಗಳಾಡುತ್ತಿದ್ದಾರೆ, ನೀವೂ ಹೋಗಿ ಜಗಳಕ್ಕೆ ನಿಲ್ಲಬಹುದು. ಇನ್ನೊಂದು ಸುದ್ದಿ, ಒಂದೇ ಕೋಶದ ಫೋಟೋವನ್ನು ತಿರುಗಿಸಿ ಮಗುಚಿ ಎರಡು ಕಡೆ ಅಚ್ಚು ಹಾಕಿ ಸಿಕ್ಕಿಬಿದ್ದವರದು. ಪೇಪರು ಹಿಂದಕ್ಕೆ ಪಡೆಯುವ ಸುದ್ದಿ ಈಗ ಆಗಾಗ ಬರುತ್ತದೆ. ಇದನ್ನು ಹೇಳುವಾಗ ನಾನು ಕೈ ಎತ್ತಿ, ಪ್ರಾಸಿಕ್ಯೂಟರ್ ಹಾಗೆ, ಬೆರಳು ಆಡಿಸಿದ ನೆನಪಿದೆ.

ನಡುವೆ ನನ್ನ ಪೇಪರಿನ ಬಾಟಲಿಗಳ ಕಥೆಯನ್ನೂ ಹೇಳಿಕೊಂಡೆ. ಆಮೇಲೆ ಉಪದೇಶ. ಪೇಪರಿನ ತಲೆಬರಹ ಓದಿ ಮರುಳಾಗಬೇಡಿ, ಮೊದಲು ಏನು ಮಾಡಿದರು ಹೇಗೆ ಮಾಡಿದರು ಎಂಬ ಭಾಗ ಓದಿ. ಗಣಿತ ಬಿಟ್ಟು ಜೀವಶಾಸ್ತ್ರಕ್ಕೆ ಓಡಿ ಬಂದವರು ಇದ್ದರೆ, ಆ ಗಣಿತ ಇಲ್ಲಿ ಮುಂದಿನ ತಿರುವಿನಲ್ಲೇ ಕಾಯುತ್ತಾ ನಿಂತಿದೆ, ಈಗಲೇ ರಾಜಿ ಮಾಡಿಕೊಳ್ಳಿ. ಗೈಡ್ ಆರಿಸುವ ಮೊದಲು ಅವರ ಹೆಸರನ್ನಲ್ಲ, ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಪಿಎಚ್.ಡಿ. ಮಾಡಿದ ಎಲ್ಲರಿಗೂ ಪ್ರಾಧ್ಯಾಪಕ ಹುದ್ದೆ ಸಿಗುವುದಿಲ್ಲ. ಲಸಿಕೆ ಕಂಪನಿ, ರೋಗಪತ್ತೆ ಲ್ಯಾಬು, ಬೀಜದ ಕಂಪನಿ, ಪೇಟೆಂಟು ಕಚೇರಿ, ಶಾಲೆ, ಎಲ್ಲ ಬಾಗಿಲೂ ಬಾಗಿಲೇ. ಕಡೆಯದಾಗಿ, ಮೇಜು ಕುಟ್ಟಿ ಹೇಳಿದೆ: ನಿಮ್ಮ ಕಣ್ಣಾರೆ ಕಾಣದ್ದನ್ನು ಬರೆಯಬೇಡಿ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಮೇಡಂ, ಇಷ್ಟೆಲ್ಲಾ ಮಾಡಿದ್ರ ನೌಕರಿ ಗ್ಯಾರಂಟಿ ಅದ ಏನ್ರಿ?"

"ನಂದೇ ಗ್ಯಾರಂಟಿ ಇಲ್ಲಪ್ಪ."

ನಗೆ ಎದ್ದಿತು. ಆ ನಗೆಯ ನಡುವೆ ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಬಿ.ಎಸ್ಸಿ. ಕೊನೆಯ ವರ್ಷದವಳು. ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಒಂದು ಡೌಟ್ ಅದರಿ ಮೇಡಂ. ಕಣ್ಣಾರೆ ಕಾಣದ್ದು ಬರೀಬ್ಯಾಡ್ರಿ ಅಂದ್ರಿ. ನಿಮ್ಮ ಬಾಟ್ಲಿ ಎಲ್ಲಾ ನೀವೇ ನೋಡೀರೇನ್ರಿ?"

ಇದು ನಾನು ಕೇಳುವ ಜಾತಿಯ ಪ್ರಶ್ನೆ. ನನ್ನ ಕಡೆಗೆ ಯಾರೂ ಅದನ್ನು ಎಸೆದಿರಲಿಲ್ಲ. ಆದರೆ ಹತ್ತು ಹನ್ನೆರಡು ವರ್ಷದ ಅಭ್ಯಾಸ ಸುಮ್ಮನೆ ಕೂರುತ್ತದೆಯೇ?

"ಇಲ್ಲಿಂದ ಚಂದ್ರ ಎಷ್ಟು ದೂರ ಅದಾನ, ಗೊತ್ತದ ನಿನಗ?"

"ಗೊತ್ತದರಿ."

"ಟೇಪ್ ಹಿಡಿದು ನೀನೇ ಅಳದಿಯೇನು?"

ಸಭಾಂಗಣ ಚಪ್ಪಾಳೆ ತಟ್ಟಿತು. ಕಾಲೇಜಿನ ಮುಖ್ಯಸ್ಥರೂ ತಟ್ಟಿದರು. ಹುಡುಗಿ ಕೂತಳು. ಕೂರುವಾಗ ಪಕ್ಕದವಳಿಗೆ ಹೇಳಿದ್ದು, ಫ್ಯಾನಿನ ಸದ್ದಿನಲ್ಲೂ ನನಗೆ ಕೇಳಿಸಿತು: "ಮಾತು ಬಂತು, ಉತ್ತರ ಬರಲಿಲ್ಲ."

ಊಟವಾದ ಮೇಲೆ ಕಾಕಾ ನನ್ನನ್ನು ಅಣ್ಣನ ತೋಟಕ್ಕೆ ಕರೆದೊಯ್ದರು. ಕೆಂಪು ಬಾಳೆಯ ಗಿಡದ ದಿಂಡಿಗೂ ಒಂದು ಕೆಂಪು ಛಾಯೆ ಇರುತ್ತದೆ, ಬಿಸಿಲಿನಲ್ಲಿ ಅದು ಚೆಂದ. ನಾನು ಅದನ್ನು ನೋಡುತ್ತಿದ್ದರೆ ಕಾಕಾ ನನ್ನನ್ನು ದಾಟಿಸಿಕೊಂಡು ಬೇಲಿಯ ಮೂಲೆಗೆ ಹೋದರು. ಹಳೆಯ ಸೀರೆಯ ನೆರಳು ಕಟ್ಟಿದ ಒಂದು ಪುಟ್ಟ ಮಡಿ ಇತ್ತು. ಅದರೊಳಗೆ ಮೊಣಕಾಲೆತ್ತರದ ಬಾಳೆ ಸಸಿಗಳು. ಒಂದೊಂದರ ಪಕ್ಕದಲ್ಲೂ ಒಂದು ಕಡ್ಡಿ, ಕಡ್ಡಿಗೆ ಒಂದು ಚೀಟಿ.

"ನೋಡ್ರಿ, ನಿಮ್ಮ ಕಂದು," ಎಂದರು ಕಾಕಾ, ಮಗಳ ಫೋಟೋ ತೋರಿಸುವ ಮುಖದಲ್ಲಿ.

"ನನ್ನ ಕಂದು?"

"ನೀವು ಹೈದರಾಬಾದಿಗೆ ಹೋದಾಗ ಬಂದಾವಲ್ರೀ, ಅವೇ. ಬಾಟ್ಲಿ ಬುಡದಾಗ ಕಂದು ಒಡದಾವ. ಕಂದು ಆದ್ರ ಹೊರಗ ಹಾಕ್ರಿ ಅಂದಿದ್ರಿ. ಹಾಕೀನಿ. ಮೊದಲು ಪ್ಲಾಸ್ಟಿಕ್ ಚೀಲ ಮುಚ್ಚಿ ನೆಳ್ಳಾಗ ಇಟ್ಟು, ಆಮ್ಯಾಲೆ ಮಣ್ಣಿಗೆ. ಹೋದವು ಹೋದವು, ಹನ್ನೊಂದು ಉಳದಾವ."

ಬಗ್ಗಿ ಒಂದು ಚೀಟಿ ನೋಡಿದೆ. ನನ್ನದೇ ಅಕ್ಷರದ ಬಾಟಲಿ ನಂಬರು. ಪಕ್ಕದಲ್ಲಿ ನೀಲಿ ಚುಕ್ಕೆ. ಮುಂದಿನದೂ ನೀಲಿ. ಅದರ ಮುಂದಿನದೂ.

"ಚೀಟಿ ಯಾಕ ಕಟ್ಟೀರಿ?"

"ಸರ್ಕಾರಿ ಮಾಲು ಅಲ್ಲೇನ್ರಿ, ನಾಳಿ ಯಾರರ ಕೇಳಿದ್ರ?"

ಬಾಳೆಯ ಬುಡದಲ್ಲಿ ಒಡೆಯುವ ಮರಿಗೆ ರೈತರು ಕಂದು ಎನ್ನುತ್ತಾರೆ. ನನಗೂ ಗೊತ್ತಿತ್ತು. ಬಾಳೆಯ ಮೇಲೆ ಮೂರು ವರ್ಷ ಕಳೆದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಆ ದಿನ ಲ್ಯಾಬಿನಲ್ಲಿ ನಾನು ಬಣ್ಣದ ಬಗ್ಗೆ ಮಾತಾಡುತ್ತಿದ್ದೆ, ನನ್ನ ತಲೆಯಲ್ಲಿ ಬಣ್ಣ ಮಾತ್ರ ಇತ್ತು.

"ಕಾಕಾ, ನಾ ಹೇಳಿದ್ದು ಬಣ್ಣರಿ. ಕಂದು ಬಣ್ಣ."

"ಯಾವ ಊರಾಗ್ರಿ ಅದು ಬಣ್ಣ?"

"ಪುಸ್ತಕದಾಗ."

"ಹಂಗಾದ್ರ ಪುಸ್ತಕದಾಗಿನ ಬಾಳಿಗಿಡ ಬುಡದಾಗ ಏನ್ ಹಾಕ್ತದ?"

ಪುಸ್ತಕದಲ್ಲೂ ಅದು ಕಂದನ್ನೇ ಹಾಕುತ್ತದೆ.

"ಮತ್ತ ಸುಟ್ಟದ ಅಂತ ಬರದೀರಲ್ಲ, ಅದೇನು?"

"ಸುಟ್ಟಾವಲ್ರೀ, ಕಾಫಿ ಕಲರ್ ಆಗಿ. ಬದನಿಕಾಯಿ ಹೆಚ್ಚಿಟ್ಟಂಗ. ಅವನ್ನ ಚೆಲ್ಲಿ ಬಾಟ್ಲಿ ತೊಳದು ಇಟ್ಟೀನಿ," ಎಂದು, ಆಮೇಲೆ ಸ್ವಲ್ಪ ನೋವಿನಿಂದ ಸೇರಿಸಿದರು, "ಬ್ರೌನ್ ಅಂದಿದ್ರ ತಿಳಿತಿತ್ತಲ್ರೀ ನನಗ. ಎಂಟನೇ ಕ್ಲಾಸ್ ಪಾಸ್ ಅದೀನಿ ನಾ."

ಕಲಬುರಗಿಯಲ್ಲಿ ಹುಟ್ಟಿ ಬೆಳೆದವರು ಯಾರೂ ಬಾಯಿಮಾತಿನಲ್ಲಿ ಆ ಬಣ್ಣಕ್ಕೆ ಕಂದು ಎನ್ನುವುದಿಲ್ಲ. ನಮ್ಮ ಮನೆಯಲ್ಲೂ ಅದು ಕಾಫಿ ಕಲರೇ. ವೇದಿಕೆಯ ಕನ್ನಡ ನಾಲಿಗೆಗೆ ಅಂಟಿಕೊಂಡ ನಾನೊಬ್ಬಳೇ ಲ್ಯಾಬಿನಲ್ಲೂ ಹಾಗೆ ಮಾತಾಡುತ್ತಿದ್ದೆ. ನಾನು ಸತ್ತವೆಂದು ಎಣಿಸಿದ ಬಾಟಲಿಗಳು ಮರಿ ಹಾಕಿದ್ದವು. ನಾನು ತಪ್ಪನ್ನು ಬಿಸಿಲಿನ ಮೇಲೆ ಹಾಕಿ ಲೆಕ್ಕದಿಂದ ತೆಗೆದ ಬಾಟಲಿಗಳೇ ಬಣ್ಣ ಕಂದಾಗಿ ಸತ್ತಿದ್ದವು. ಕಪಾಟಿನಲ್ಲಿ ಹಸಿರಾಗಿ ಉಳಿದ ನನ್ನ ಕೆಂಪು ಚುಕ್ಕೆಗಳು, ಸಾಯದೆ ಬೆಳೆಯದೆ, ಸುಮ್ಮನೆ ಕೂತಿದ್ದವು.

ಒಂದು ಸಲ ಕಾಕಾ ಚಹಾ ತಂದಿಟ್ಟು "ಆ ಕಂದು ಭಾಳ ಚಲೋ ಹತ್ಯಾವ್ರಿ" ಎಂದದ್ದು ಆಗ ನೆನಪಾಯಿತು. ತೋಟದ ಸುದ್ದಿ ಅಂದುಕೊಂಡು "ಹೌದಾ, ಚಲೋ ಆತು" ಎಂದು ಪೇಪರು ಬರೆಯಲು ತಿರುಗಿದ್ದೆ.

ವಾಪಸು ಬಸ್ಸಿನಲ್ಲಿ ನಾನು ಒಬ್ಬಳೇ. ಕಾಕಾರ ಅಣ್ಣ ಕೊಟ್ಟ ಕೆಂಪು ಬಾಳೆಯ ಚಿಪ್ಪು ತೊಡೆಯ ಮೇಲಿತ್ತು. ನಿಜ ಹೇಳುತ್ತೇನೆ, ಬಸ್ಸು ಹೆದ್ದಾರಿಗೆ ಬಿದ್ದ ಕೂಡಲೇ ನಾನು ಪ್ರತಿವಾದ ಕಟ್ಟತೊಡಗಿದೆ. ಕಾಕಾರಿಗೆ ಪೇಪರಿನಲ್ಲಿ ಏನಿದೆ ಗೊತ್ತಿಲ್ಲ. ಪತ್ರಿಕೆಯವರಿಗೆ ಕಾಕಾ ಗೊತ್ತಿಲ್ಲ. ಕಪಾಟಿನಲ್ಲಿ ಹಸಿರು ಉಳಿದದ್ದಂತೂ ಸುಳ್ಳಲ್ಲ, ಅದನ್ನು ನಾನೇ ನೋಡಿದ್ದೇನೆ. ಒಂದು ಪೇಪರು ತಪ್ಪಿದ್ದರೆ ಮುಂದಿನವರು ತಿದ್ದುತ್ತಾರೆ, ವಿಜ್ಞಾನ ನಡೆಯುವುದೇ ಹಾಗೆ. ಕಲಬುರಗಿಯ ಮೊದಲ ದೀಪಗಳು ಕಾಣುವ ಹೊತ್ತಿಗೆ ನನ್ನ ಹತ್ತಿರ ನಾಲ್ಕು ಅಂಶಗಳಿದ್ದವು, ನಾಲ್ಕೂ ಬಹುಮಾನಕ್ಕೆ ಯೋಗ್ಯ. ಒಂದೇ ತೊಂದರೆ ಎಂದರೆ, ಪ್ರತಿ ಅಂಶ ಮುಗಿದಾಗಲೂ ಆ ಹುಡುಗಿ ಎರಡನೆಯ ಸಾಲಿನಲ್ಲಿ ಎದ್ದು ನಿಲ್ಲುತ್ತಿದ್ದಳು.

ಭಾನುವಾರ ಬೆಳಗ್ಗೆ ಖೂಬಾ ಪ್ಲಾಟ್ ಬಡಾವಣೆಯ ಮೇಡಂ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದರು. ಎಲ್ಲ ಹೇಳಿದೆ. ಕಡ್ಡಿಗೆ ಕಟ್ಟಿದ ಚೀಟಿಯ ತನಕ ಗಂಭೀರವಾಗಿ ಕೇಳಿದರು. "ಯಾವ ಊರಾಗ್ರಿ ಅದು ಬಣ್ಣ" ಎಂಬಲ್ಲಿಗೆ ಬಂದಾಗ ಮೊರ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹೈದರಾಬಾದಿಗೆ ಹೋಗಿ ಅಷ್ಟು ದೊಡ್ಡ ಸೂಕ್ಷ್ಮದರ್ಶಕ ನೋಡಿ ಬಂದಿ. ಕಾಕಾನ ಹತ್ತಿರ ಕುಂತು ಎರಡು ನಿಮಿಷ ರಿಜಿಸ್ಟರ್ ಓದಲಿಲ್ಲ."

"ತಪ್ಪಾತ್ರಿ ಮೇಡಂ. ಆದ್ರ ಒಂದು ಚಲೋ ಸುದ್ದಿ ಅದ. ಇದರ ಅರ್ಥ ನಿಮ್ಮ ಪಾಕ ಗೆದ್ದದರಿ! ನಾ ಪೇಪರ್ ತಿರುಗಿಸಿ ಬರೀತೀನಿ. ಕಂದು ಇದ್ದಲ್ಲಿ ಮರಿ, ಸುಟ್ಟದ ಇದ್ದಲ್ಲಿ ಕಂದು. ನಾಳಿ ಸಂಜಿಯೊಳಗ—"

"ಏ ನಿಂದ್ರು," ಎಂದರು ಮೇಡಂ. ನಗು ಮುಖದಲ್ಲೇ ಇತ್ತು, ಧ್ವನಿಯಲ್ಲಿ ಇರಲಿಲ್ಲ. "ನಿನ್ನೆ ಪರ ಇದ್ದಾಕಿ ಇವತ್ತು ವಿರೋಧಕ್ಕ ಹೋಗಿ ಕುಂತಿ, ಅಷ್ಟ. ಆ ಬಾಟ್ಲಿ ನೀ ನೋಡಿಯೇನು?"

"ಕಾಕಾ ನೋಡ್ಯಾರಲ್ರೀ."

"ಕಾಕಾನ್ನ ಕೇಳಿಯೇನು, ಮರಿ ಒಡದದ್ದಷ್ಟೇ ಬರದಾನೋ, ಬರೇ ಬುಡ ಉಬ್ಬಿದ್ದಕ್ಕೂ ಕಂದು ಅಂದಾನೋ ಅಂತ?"

ಅಲ್ಲಿಂದಲೇ ಫೋನು ಹಚ್ಚಿದೆ. ಅದನ್ನೇ ಕಾಕಾರನ್ನು ಕೇಳಿದೆ. "ಒಂದೆರಡು ಉಬ್ಬಿದ್ದು ಇರಬೇಕ್ರಿ ಮೇಡಂ. ಮ್ಯಾಡಮ್ಮೋರ ಪಾಕ ಅಲ್ಲೇನ್ರಿ ನೀಲಿದು, ಒಡೀತದ ಬಿಡು ಅಂತ ಆಸೆಲೆ ಬರದಿರಬೇಕು. ನಿಮ್ಮದು ಹೊಸಾದು, ಅದರ ಮ್ಯಾಲೆ ನಂಗ ಅಷ್ಟು ಭರೋಸಾ ಇದ್ದಿದ್ದಿಲ್ಲ."

ಫೋನು ಸ್ಪೀಕರಿನಲ್ಲಿತ್ತು. ಮೇಡಂ ಮೊರ ಎತ್ತಿಕೊಂಡರು. "ಕೇಳಿದಿ? ನಾನೂ ಗೆದ್ದಿಲ್ಲ. ಯಾರು ಗೆದ್ದಾರ ಗೊತ್ತೇ ಇಲ್ಲ. ಮತ್ತೊಮ್ಮೆ ಮಾಡು."

"ಸಮಿತಿ ಮುಂದಿನ ತಿಂಗಳು ಅದರಿ."

"ಗೊತ್ತದ."

"ಪೇಪರ್ ಇಲ್ಲಂದ್ರ ನನ್ನ ಫೆಲೋಶಿಪ್..."

"ಅದೂ ಗೊತ್ತದವಾ," ಎಂದರು. ಬೇಳೆಯಲ್ಲಿ ಒಂದು ಹರಳು ಸಿಕ್ಕಿತ್ತೇನೋ, ತಲೆ ಎತ್ತಲಿಲ್ಲ. "ಅದರ ಮ್ಯಾಲೆ ನನ್ನ ಹೆಸರೂ ಅದ. ನಾ ಬ್ಯಾಡ ಅಂತ ಬರದು ಕಳಸಬಹುದು. ಆದ್ರ ನೀನೇ ಬರದ್ರ ಚಂದ. ಚಹಾ ಕುಡೀತಿ?"

ಚಹಾ ಕುಡಿದೆ. ಗಾಜಿಪುರಕ್ಕೆ ಬಂದು ಲ್ಯಾಪ್‌ಟಾಪು ತೆರೆದು ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯತೊಡಗಿದೆ. ಎರಡು ಪುಟ ಆಯಿತು. ಅದರಲ್ಲಿ ಕನ್ನಡದ ನಾನಾರ್ಥಗಳ ಬಗ್ಗೆ ಒಂದು ಪ್ಯಾರಾ, ಅಟೆಂಡರುಗಳ ತರಬೇತಿಯ ಬಗ್ಗೆ ಒಂದು, ಬೇಸಿಗೆಯ ಬಗ್ಗೆ ಇನ್ನೊಂದು. ಓದಿದರೆ ತಪ್ಪು ಮಾಡಿದವರು ಯಾರು ಎಂದು ತಿಳಿಯದಷ್ಟು ಚೆಂದ ಬಂದಿತ್ತು. ಸೋಮವಾರ ಬೆಳಗ್ಗೆ ಲ್ಯಾಬಿನಲ್ಲಿ ಮೇಡಂ ಅದನ್ನು ಓದಿ, ಪೆನ್ನು ತೆಗೆದು, ಮೇಲಿನಿಂದ ಕೆಳಗೆ ಗೀಟು ಎಳೆಯುತ್ತಾ ಹೋದರು. ಕೊನೆಗೆ ಮೂರು ಸಾಲು ಉಳಿಯಿತು. ದಾಖಲೆಯ ಒಂದು ಶಬ್ದವನ್ನು ನಾನು ತಪ್ಪಾಗಿ ಓದಿದೆ. ಫಲಿತಾಂಶ ನಿಲ್ಲುವುದಿಲ್ಲ. ದಯವಿಟ್ಟು ಪೇಪರನ್ನು ಕೈಬಿಡಿ.

"ಕಾಕಾನ ಹೆಸರು ಎಲ್ಲೂ ಇಲ್ಲಲ್ರೀ," ಎಂದೆ.

"ಓದಿದಾಕಿ ಯಾರು?"

ಕಳಿಸಿದೆ. ಕಮಲಾಪುರದ ಕಾಲೇಜಿಗೂ ಒಂದು ಪತ್ರ ಹಾಕಿದೆ: ಎರಡನೆಯ ಸಾಲಿನಲ್ಲಿ ಕೂತಿದ್ದ ವಿದ್ಯಾರ್ಥಿನಿಗೆ ತಿಳಿಸಿ, ಉತ್ತರ ಇಲ್ಲ ಎಂದು, ಬಾಟಲಿಗಳನ್ನು ನಾನು ನೋಡಿರಲಿಲ್ಲ ಎಂದು. ಅವಳಿಗೆ ತಲುಪಿತೋ ಇಲ್ಲವೋ, ಮುಖ್ಯಸ್ಥರಿಂದ ಮಾತ್ರ "ತಮ್ಮ ಉಪನ್ಯಾಸ ಅತ್ಯಂತ ಸ್ಫೂರ್ತಿದಾಯಕವಾಗಿತ್ತು" ಎಂಬ ಅಚ್ಚಾದ ಪ್ರಮಾಣಪತ್ರ ಬಂತು.

ಸಮಿತಿಯ ಮುಂದೆ ನಾನು ಬರಿಗೈಲಿ ಕೂತೆ. ಒಬ್ಬರು ಕೇಳಿದರು, ಮೂರು ವರ್ಷದಲ್ಲಿ ಏನು ಸಾಧಿಸಿದಿರಿ ಎಂದು. ನಾಲಿಗೆಯ ತುದಿಗೆ ಏಳೆಂಟು ಉತ್ತರ ಬಂದವು. ಒಂದು ಪೇಪರು ಬರೆದು ಹಿಂದಕ್ಕೆ ಪಡೆದೆ ಎಂದಷ್ಟೇ ಹೇಳಿದೆ. ಯಾಕೆ ಎಂದು ಕೇಳಿದರು, ಹೇಳಿದೆ. ಸಮಿತಿಯಲ್ಲಿ ನಮ್ಮ ಕಡೆಯವರೊಬ್ಬರಿದ್ದರು, ಅವರು ನಕ್ಕರು. ಉಳಿದವರಿಗೆ ಅವರು ಕಂದು ಎಂದರೇನು ಎಂದು ವಿವರಿಸುವುದರಲ್ಲೇ ನನ್ನ ಸಮಯ ಮುಗಿಯಿತು. ಫೆಲೋಶಿಪ್ ಮೊತ್ತ ಹೆಚ್ಚಿಸಲಿಲ್ಲ, ನಿಲ್ಲಿಸಲೂ ಇಲ್ಲ. ಆರು ತಿಂಗಳು ಕೊಟ್ಟರು. ಅಷ್ಟರಲ್ಲಿ ಪ್ರಯೋಗ ಮತ್ತೆ ಮಾಡಿ ತೋರಿಸಬೇಕು.

ಈಗ ಅದನ್ನೇ ಮಾಡುತ್ತಿದ್ದೇನೆ. ಚುಕ್ಕೆಗಳನ್ನು ತೆಗೆದುಹಾಕಿದ್ದೇವೆ. ಯಾವ ನಂಬರು ಯಾರ ಪಾಕದ್ದು ಎಂಬ ಪಟ್ಟಿ ಮೇಡಂ ಕಪಾಟಿನಲ್ಲಿ ಬೀಗದೊಳಗಿದೆ. ದಿನಾ ಬೆಳಗ್ಗೆ ಕಾಕಾ ಒಂದು ಹಾಳೆಯಲ್ಲಿ, ನಾನು ಒಂದು ಹಾಳೆಯಲ್ಲಿ, ಒಬ್ಬರದನ್ನೊಬ್ಬರು ನೋಡದೆ ಬರೆಯುತ್ತೇವೆ. ಬಣ್ಣಕ್ಕೆ ಕಾಫಿ ಕಲರ್, ಮರಿಗೆ ಕಂದು, ಇದು ಕ್ರಮ. ಕಾಫಿ ಕಲರ್ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀ ಎಂದು ಮೇಡಂ ಕೆಣಕುತ್ತಾರೆ.

ಮೊದಲ ವಾರ ಎರಡೂ ಹಾಳೆ ಹೋಲಿಸಿದಾಗ ಒಂದು ಬಾಟಲಿಯ ಮೇಲೆ ಜಗಳ ಬಿತ್ತು. ಬುಡದಲ್ಲಿ ಸಾಸಿವೆಯಷ್ಟು ಏನೋ ಉಬ್ಬಿತ್ತು.

"ಕಂದು," ಎಂದರು ಕಾಕಾ.

"ಗಾಯ ಮಾಯ್ದ ಗಂಟು ಇರಬಹುದಲ್ರೀ. ಆಧಾರ ಏನು?"

"ನಲವತ್ತು ವರ್ಷ ನೋಡೀನಿ ನಾ."

"ಬಾಟ್ಲಿಯೊಳಗ ನೋಡಿಲ್ಲಲ್ಲ."

"ಲೆನ್ಸ್ ತರ್ರಿ."

ಲೆನ್ಸು ತಂದೆವು. ಲೆನ್ಸಿನಲ್ಲಿ ಅದು ದೊಡ್ಡ ಉಬ್ಬಾಗಿ ಕಂಡಿತು, ಅಷ್ಟೇ. ಇಬ್ಬರೂ ಒಪ್ಪಲಿಲ್ಲ. ಇಬ್ಬರೂ ಒಪ್ಪದ್ದನ್ನು ಬರೆಯಲು ಹಾಳೆಯಲ್ಲಿ ಇನ್ನೊಂದು ಕಾಲಂ ಎಳೆದೆ. ಅದಕ್ಕೆ ಏನು ಹೆಸರು ಕೊಡುವುದು ಎಂದು ಮತ್ತೆ ವಾದ ಶುರುವಾಯಿತು. ಅನಿಶ್ಚಿತ ಎಂದು ನಾನಂದೆ. ಆ ಶಬ್ದ ಕೇಳಿ ಕಾಕಾ ಪೆನ್ನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು, ಬಗ್ಗಿ, ದುಂಡಗೆ ಬರೆದರು: ನಾಳಿ ನೋಡಮು.